ಚರ್ಮದ ದವಾಖಾನೆಯಲ್ಲಿ ಬಾಯಿಬಿಟ್ಟು ಹೇಳಲು ಕಲಿತದ್ದು

ಇವತ್ತು ನಳಕ್ಕೆ ನೀರು ಬಂತು. ಡ್ರಮ್ಮು, ಹಂಡೆ, ಕೊಡ, ಕೊನೆಗೆ ಚರಿಗೆಯನ್ನೂ ಬಿಡದೆ ತುಂಬಿಸಿಟ್ಟೆ. ಹಾಸಿಗೆಯ ಹೊದಿಕೆ ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ. ಶೇಂಗಾ ಹುರಿದು, ಸಿಪ್ಪೆ ಕೇರಿ, ಚಟ್ನಿ ಕುಟ್ಟಿದೆ. ನಮ್ಮ ಯಜಮಾನರ ಕನ್ನಡಕದ ಕಾಲು ಸಡಿಲವಾಗಿತ್ತು, ಬೆಟಗೇರಿಯ ಅಂಗಡಿಯಲ್ಲಿ ಬಿಗಿ ಮಾಡಿಸಿಕೊಂಡು ಬಂದೆ. ಆಮೇಲೆ ಬಸ್ಸು ಹಿಡಿದು ಮುಂಡರಗಿಗೆ ಹೋಗಿ ಕಾಶವ್ವನ ಮನೆಯಿಂದ ರೊಟ್ಟಿ ತಂದೆ. ನಮ್ಮ ಓಣಿಯಲ್ಲೇ ರೊಟ್ಟಿ ಮಾರುವವರಿದ್ದಾರೆ. ಅಷ್ಟು ದೂರ ಯಾಕೆ ಹೋದೆ ಎನ್ನುವುದನ್ನು ಬರೆಯಲಿಕ್ಕೆಂದೇ ಈ ಸಂಜೆ ಕುಳಿತಿದ್ದೇನೆ.

ನಾನು ಕೆಲಸ ಬಿಟ್ಟು ಒಂದು ಮಳೆಗಾಲ ಕಳೆಯಿತು. ಗದಗಿನ ಒಂದು ಚರ್ಮರೋಗದ ದವಾಖಾನೆಯಲ್ಲಿ ಡಾಕ್ಟರ ಪಕ್ಕದ ಕುರ್ಚಿ ನನ್ನದಾಗಿತ್ತು. ರೋಗಿಯ ಹೆಸರು ಕೂಗುವುದು, ಪರದೆ ಎಳೆಯುವುದು, ಬೆಳಕು ಹಿಡಿಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಡಾಕ್ಟರು ಕಂಡದ್ದನ್ನು ಬರೆದುಕೊಳ್ಳುವುದು. ವಾರದಲ್ಲಿ ಒಂದೊಂದು ದಿನ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೂ ಡಾಕ್ಟರ ಜೊತೆ ಹೋಗುತ್ತಿದ್ದೆ. ಅಲ್ಲೆಲ್ಲ ಬಾಡಿಗೆಯ ಒಂದೊಂದು ಕೋಣೆ, ಒಂದು ಮೇಜು, ಒಂದು ಪರದೆ.

ಈಗ ನನ್ನ ಕುರ್ಚಿಯಲ್ಲಿ ಸವಿತಾ ಎನ್ನುವ ಹುಡುಗಿ ಕೂರುತ್ತಾಳೆ. ಮೊನ್ನೆ ಫೋನು ಮಾಡಿ, "ಅಕ್ಕಾರ, ನೀವಿದ್ದಾಗ ಬರಿಯೂ ಕೆಲಸ ಇತ್ತು. ಈಗ ಎಲ್ಲಾ ಮಷೀನ ಬರೀತೈತಿ. ನಾ ಏನ್ ಮಾಡಾಕ ಕುಂತೀನಿ ಇಲ್ಲೆ?" ಎಂದು ಕೇಳಿದಳು. ಸವಿತಾಳಿಗೂ, ಅವಳಂತೆ ಈ ಕೆಲಸಕ್ಕೆ ಬರುವವರಿಗೂ ಇದು ನನ್ನ ಉತ್ತರ. ಇದರಲ್ಲಿ ಒಬ್ಬಾಕೆಯ ಕೈಯ ಕಥೆ ಬರುತ್ತದೆ. ಆ ಕೈಯೇ ಆಕೆಯ ಅನ್ನ. ಹೆಸರು ಬದಲಿಸಿದ್ದೇನೆ, ಆಕೆಯನ್ನು ಕೇಳಿಯೇ ಬರೆದಿದ್ದೇನೆ.

ನಾನು ಸೇರಿದಾಗ ದವಾಖಾನೆ ಹಿರಿಯ ಡಾಕ್ಟರದಾಗಿತ್ತು. ಅವರು ಮಾತು ಕಡಿಮೆ, ಕಣ್ಣು ಹೆಚ್ಚು. ಕಿಟಕಿಯ ಬೆಳಕಿಗೆ ರೋಗಿಯನ್ನು ತಿರುಗಿಸಿ ನಿಲ್ಲಿಸಿ, ಬೆರಳಿನಿಂದ ಮಚ್ಚೆಯ ಅಂಚು ಸವರಿ ನೋಡುತ್ತಿದ್ದರು. ಬೆರಳು ಓಡಿದಂತೆ ನನ್ನ ಪೆನ್ನು ಓಡಬೇಕು. ನಮ್ಮ ಕೇಸ್ ಪೇಪರಿನಲ್ಲಿ ಮನುಷ್ಯನ ಮೈಯ ರೇಖಾಚಿತ್ರವಿತ್ತು, ಎದುರಿನಿಂದ ಒಂದು, ಬೆನ್ನಿನಿಂದ ಒಂದು. ನಮ್ಮ ಯಜಮಾನರು ಆಗ ಗದಗಿನ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದರು, ಆ ಚಿತ್ರದ ಪಡಿಯಚ್ಚು ಮಾಡಿಸಿ ಹಾಳೆ ಅಚ್ಚು ಹಾಕಿಸಿಕೊಟ್ಟವರು ಅವರೇ. ಅದರ ಮೇಲೆ ನಾನು ಕೆಂಪು ಶಾಯಿಯಲ್ಲಿ ಮಚ್ಚೆಗಳನ್ನು ಗುರುತಿಸುತ್ತಿದ್ದೆ. ಮೊದಲ ವಾರ ಎಲ್ಲರ ಬಲಗೈ ಮಚ್ಚೆಯನ್ನೂ ಎಡಗೈಗೆ ಹಾಕಿದೆ. ಚಿತ್ರ ನನ್ನ ಕಡೆ ಮುಖ ಮಾಡಿ ನಿಂತಿದೆ ಎಂಬುದು ಹೊಳೆದಿರಲಿಲ್ಲ. ಹಿರಿಯ ಡಾಕ್ಟರು ಹಾಳೆಗಳನ್ನು ತಿರುವಿ ನೋಡಿ, "ಗಿರಿಜಾ, ಅಂವ ಕನ್ನಡಿಯಲ್ಲಿನ ಮನಷ್ಯಾ ಅಲ್ಲ, ಎದುರಿಗೆ ನಿಂತಾಂವ. ಅವನ ಬಲಕ್ಕ ನೀನೂ ಹೋಗಿ ನಿಂತ ನೋಡು" ಎಂದರು. ಎದ್ದು ಹೋಗಿ ರೋಗಿಯ ಪಕ್ಕ ನಿಂತೆ. ಅದಾದ ಮೇಲೆ ಎಡಬಲ ತಪ್ಪಲಿಲ್ಲ.

ಅವರದೊಂದು ಕಟ್ಟಳೆಯಿತ್ತು. ಕೆಲವು ರೋಗಗಳ ಹೆಸರು ಆ ಕೋಣೆಯಲ್ಲಿ ಬಾಯಿಗೆ ಬರಕೂಡದು. ಪರದೆಯ ಆಚೆ ಹತ್ತು ಜನ ಕಿವಿ ನಿಮಿರಿಸಿ ಕುಳಿತಿರುತ್ತಾರೆ. ಒಳಗೂ ರೋಗಿಯೊಬ್ಬರೇ ಬರುವುದು ಅಪರೂಪ, ಜೊತೆಗೆ ಅತ್ತೆ, ಮೈದುನ, ಪಕ್ಕದ ಮನೆಯವರು. ತೊನ್ನು ಎಂದೋ ಕುಷ್ಠ ಎಂದೋ ಡಾಕ್ಟರ ಬಾಯಿಂದ ಬಿದ್ದರೆ ರೋಗಿ ಮನೆ ಮುಟ್ಟುವ ಮೊದಲೇ ಆ ಮಾತು ಮುಟ್ಟಿರುತ್ತದೆ. ಅದಕ್ಕೆ ಹಿರಿಯ ಡಾಕ್ಟರು ಅನುಮಾನ ಬಂದಾಗ ಮೇಜಿನ ಮೇಲೆ ಉಂಗುರದಿಂದ ಮೆಲ್ಲಗೆ ತಟ್ಟುತ್ತಿದ್ದರು. ನಾನು ತಿಳಿದು ಬರೆದುಕೊಳ್ಳುತ್ತಿದ್ದೆ. ಆಮೇಲೆ ರೋಗಿಯನ್ನು ಒಬ್ಬರನ್ನೇ ಕರೆಸಿ, ಬಾಗಿಲು ಹಾಕಿ, ಸಮಾಧಾನವಾಗಿ ಹೇಳುತ್ತಿದ್ದರು. ನಮ್ಮ ಮೌನದಿಂದ ಎಷ್ಟೋ ಮನೆಗಳ ಮಾನ ಉಳಿದಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಿರಿಯರ ನಂತರ ಬಂದವರು ವೀಣಾ ಮೇಡಂ. ಅವರ ಕೈಕೆಳಗೇ ಕಲಿತವರು. ಅದೇ ಬೆರಳು, ಅದೇ ಕಿಟಕಿಯ ಬೆಳಕು. ಉಂಗುರ ತಟ್ಟುವುದಿಲ್ಲ, ನನ್ನ ಕಡೆ ಒಮ್ಮೆ ನೋಡುತ್ತಾರೆ, ಅಷ್ಟೇ ಸಾಕು. ಆದರೆ ರೋಗಿಗಳು ಹೆಚ್ಚಿದರು, ಬರೆಯುವುದು ಇನ್ನೂ ಹೆಚ್ಚಿತು. ಕಂಪ್ಯೂಟರು ಬಂದಮೇಲಂತೂ ಮೇಡಂ ಅರ್ಧ ಹೊತ್ತು ರೋಗಿಯ ಮೈ, ಅರ್ಧ ಹೊತ್ತು ಕಂಪ್ಯೂಟರಿನ ಪರದೆ ನೋಡುವಂತಾಯಿತು. ನನ್ನ ಕೈಬೆರಳೂ ಗಂಟು ಹಿಡಿಯತೊಡಗಿತ್ತು.

ಒಂದು ಬೆಳಿಗ್ಗೆ ಮೇಡಂ ಫೋನನ್ನು ಮೇಜಿನ ನಡುವೆ ಒಂದು ಸಣ್ಣ ಸ್ಟ್ಯಾಂಡಿಗೆ ಒರಗಿಸಿಟ್ಟರು.

"ಅಕ್ಕಾರ, ಇನ್ನ ಮ್ಯಾಲೆ ಇದು ನಮ್ಮ ಮಾತು ಕೇಳಿಕೋತೈತಿ. ರೋಗಿ ಹೊರಗ ಹೋಗೂದರಾಗ ಕೇಸ ಪೇಪರ ಬರದ ಇಟ್ಟಿರತೈತಿ. ನಾವು ನೋಡಿ ಸಹಿ ಮಾಡಿದ್ರ ಆತು."

"ಕನ್ನಡ ತಿಳೀತೈತೇನ್ರಿ ಇದಕ್ಕ?"

"ತಿಳೀತೈತಿ. ಕನ್ನಡದಾಗ ಕೇಳಿ ಇಂಗ್ಲೀಷಿನಾಗ ಬರೀತೈತಿ."

"ನಮ್ಮ ಮಂದಿ ಎಲ್ಲಾರೂ ಕೂಡೇ ಮಾತಾಡ್ತಾರ. ಅದು ತಿಳೀಬೇಕಲ್ರಿ" ಎಂದೆ. ಮೇಡಂ ನಕ್ಕರು.

ಒಳ್ಳೆಯದನ್ನು ಮೊದಲು ಹೇಳಬೇಕು. ಅಂದು ಎಷ್ಟೋ ದಿನಗಳ ನಂತರ ಮೇಡಂ ರೋಗಿಗಳ ಮುಖ ನೋಡಿ ಮಾತನಾಡಿದರು. ಅಂತೂರ-ಬೆಂತೂರ ಗ್ರಾಮದಿಂದ ಬಂದ ರೈತರೊಬ್ಬರು ಹೊರಗೆ ಬಂದು, "ಇವತ್ತ ಡಾಕ್ಟರಮ್ಮಾರು ನನ್ನ ಹೊಲದ ಖಬರನೂ ಕೇಳಿದ್ರು. ಆರಾಮದಾರಿಲ್ಲೋ ಅವರು?" ಎಂದು ನನ್ನನ್ನೇ ವಿಚಾರಿಸಿದರು. ಹೊಲದ ವಿಷಯ ಕೇಳಿದ್ದಕ್ಕೇ ಅವರ ಮೈಮೇಲಿನ ದದ್ದು ಯಾವ ಕಳೆ ಕೀಳುವಾಗ ಏಳುತ್ತದೆ ಎನ್ನುವುದು ಸಿಕ್ಕಿತು. ಮಷೀನು ಅದನ್ನು ಚೊಕ್ಕವಾಗಿ ಬರೆದಿತ್ತು. ನನಗೆ ಅಷ್ಟು ಬೇಗ ಬರೆಯಲು ಆಗುತ್ತಿರಲಿಲ್ಲ.

ಇನ್ನು ಫಜೀತಿಗಳು. ಲಕ್ಷ್ಮೇಶ್ವರದಲ್ಲಿ ಯಳವತ್ತಿಯ ಒಬ್ಬ ಹುಡುಗನನ್ನು ಗಜಕರ್ಣಕ್ಕೆಂದು ಕರೆತಂದರು. ತಾಯಿ, ಸೋದರಮಾವ, ಅಜ್ಜಿ ಜೊತೆಗೆ. ಹುಡುಗನನ್ನು ಬಿಟ್ಟು ಉಳಿದವರೆಲ್ಲ ಮಾತನಾಡಿದರು. ನಡುವೆ ಅಜ್ಜಿ, "ನನಗ ಸಕ್ಕರಿ ಬ್ಯಾನಿ ಐತ್ರಿ ಹತ್ತ ವರ್ಷಾತು, ನನ್ನ ಕಾಲೂ ತುರಸ್ತಾವ, ಅವನ ಕೂಡ ನನಗೂ ಒಂದ ಮುಲಾಮ ಬರೀರಿ" ಎಂದಳು. ಸಂಜೆ ನೋಡಿದರೆ ಹುಡುಗನ ಕಾಗದದಲ್ಲಿ ಹತ್ತು ವರ್ಷದ ಸಕ್ಕರೆ ಕಾಯಿಲೆ ಬಂದು ಕೂತಿತ್ತು. ಹುಡುಗನಿಗೆ ಇನ್ನೂ ಎಂಟು ತುಂಬಿರಲಿಲ್ಲ.

"ಹುಟ್ಟೂಕಿಂತ ಮೊದಲ ಸಕ್ಕರಿ ಬಂದಾವಲ್ರಿ ಇವಗ!" ಎಂದು ಮೇಡಂ ಹೊಟ್ಟೆ ಹಿಡಿದು ನಕ್ಕರು. ಮರುವಾರದಿಂದ ಒಂದು ರೂಢಿ ಹಾಕಿದೆ. ಯಾರು ಬಾಯಿ ತೆರೆದರೂ ನಾನು ಮೊದಲು, "ಇದು ಅಜ್ಜಿ ಮಾತು", "ಇದು ಮಾವನ ಮಾತು" ಎಂದು ಗಟ್ಟಿಯಾಗಿ ಹೇಳುವುದು. ಜನರಿಗೆ ಅದೊಂದು ಆಟವಾಯಿತು. "ಅಕ್ಕಾರ, ನಂದೂ ಹೆಸರ ಹೇಳ್ರಿ, ನಾನೂ ಮಾತಾಡಾಂವ ಅದೀನಿ" ಎನ್ನುವವರೂ ಬಂದರು.

ಮುಳಗುಂದದ ಒಬ್ಬ ಅಜ್ಜ ಮಾತ್ರ ಫೋನು ಕಂಡು ಕುರ್ಚಿಯಿಂದ ಎದ್ದೇಬಿಟ್ಟ. ಪ್ರತಿಯೊಬ್ಬರನ್ನೂ ಮೊದಲೇ ಕೇಳಬೇಕು ಎನ್ನುವುದು ನಮ್ಮ ನಿಯಮ. "ಅಜ್ಜಾರ, ನಿಮ್ಮ ಮಾತು ಇದರಾಗ ಬರಕೋತೈತ್ರಿ, ನಡೀತೈತೇನ್ರಿ?" ಎಂದೆ.

"ನನ್ನ ತುರಿಕಿ ಆ ಫೋನಿಗೆ ಯಾಕ ಹೇಳ್ಬೇಕವ್ವಾ? ಅದಕ್ಕ ಕೆರ್ಯಾಕ ಬರತೈತೇನು?"

ಫೋನು ಆರಿಸಿದೆವು, ನಾನು ಕೈಯಿಂದಲೇ ಬರೆದೆ. ಅಜ್ಜ ನನ್ನ ಅಕ್ಷರವನ್ನು ಬಗ್ಗಿ ನೋಡುತ್ತ, "ಇದು ಬೇಷ್ ಆತು" ಎಂದ. ತಿಂಗಳ ನಂತರ ಬಂದಾಗ ತುರಿಕೆ ಇಳಿದಿತ್ತು. ತಾನೇ ಮೇಜಿನ ಮೇಲಿನ ಫೋನಿಗೆ ಕೈಮಾಡಿ, "ಇವತ್ತ ಅದನ್ನೂ ಕರಕೋರಿ. ಕಡಿಮಿ ಆಗೇತಿ ಅನ್ನೂದು ಅದೂ ಕೇಳ್ಲಿ" ಎಂದ. ಇಂಥ ಅಜ್ಜಂದಿರಿಗಾಗಿ, ಮತ್ತೆ ಶಿರಹಟ್ಟಿಯಲ್ಲಿ ನೆಟ್‌ವರ್ಕ್ ಹೋಗುವ ಹೊತ್ತಿಗಾಗಿ, ಸವಿತಾ, ಕೈಬರಹ ಬಿಡಬೇಡ.

ಮನೆಯಲ್ಲಿ ಯಜಮಾನರಿಗೆ ಅಜ್ಜಿಯ ಸಕ್ಕರೆಯ ಕಥೆ ಹೇಳಿದಾಗ ಅವರು ನಗಲಿಲ್ಲ. "ಕರಡು ಯಾರು ತಿದ್ದತಾರ?" ಎಂದು ಕೇಳಿದರು.

"ಮೇಡಂ ನೋಡಿ ಸಹಿ ಮಾಡ್ತಾರಲ್ರಿ."

"ಒಬ್ಬರ ನೋಡಿದ್ರ ಕಣ್ಣು ತನಗ ಬೇಕಾದ್ದು ಓದಿಕೋತೈತಿ. ನಮ್ಮ ಪ್ರೆಸ್ಸಿನ್ಯಾಗ ಒಬ್ಬಾಂವ ಬಾಯಿಲೆ ಓದಬೇಕು, ಇನ್ನೊಬ್ಬಾಂವ ಕೇಳಬೇಕು. ಲಗ್ನಪತ್ರಿಕಾ ಆದ್ರೂ ಅಷ್ಟ. ಇಲ್ಲಂದ್ರ ಮದುಮಗನ ಹೆಸರ ಬ್ಯಾರೇ ಆಗಿರತೈತಿ."

ಮರುದಿನ ಮೇಡಂಗೆ ಹೇಳಿದೆ. ಅವರು ತಟ್ಟನೆ ಒಪ್ಪಿದರು. ಅಂದಿನಿಂದ ಕೊನೆಯ ರೋಗಿ ಹೋದಮೇಲೆ ಬಾಗಿಲು ಹಾಕಿ, ಚಹಾ ತರಿಸಿ, ನಾನು ಒಂದೊಂದೇ ಕೇಸು ಬಾಯಿಂದ ಓದುವುದು, ಮೇಡಂ ಕಣ್ಣು ಮುಚ್ಚಿ ಕೇಳುವುದು. ಹೆಸರು ಓದುವುದಿಲ್ಲ, ನಂಬರು ಮಾತ್ರ. ಬೇರೆ ಊರುಗಳಲ್ಲಿ ಈ ಮಷೀನಿನಿಂದ ಡಾಕ್ಟರುಗಳು ಬೇಗ ಮನೆಗೆ ಹೋಗುತ್ತಾರಂತೆ. ಅದರಿಂದ ಉಳಿತಾಯವಾದ ಹೊತ್ತಿನಲ್ಲಿ ಸ್ವಲ್ಪವನ್ನು ನಾವು ಹೀಗೆ ವಾಪಸು ಕೊಟ್ಟೆವು.

ಈಗ ಕಾಶವ್ವ.

ಮುಂಡರಗಿಯ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವಳು. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಇದರಲ್ಲೇ ಓದಿಸುತ್ತಿದ್ದಳು. ಅಂಗೈ ಒಡೆದು ಉರಿಯುತ್ತದೆಂದು ಒಂದು ವಾರ ನಮ್ಮ ಕೋಣೆಗೆ ಬಂದಳು. ರೊಟ್ಟಿ ಬಡಿಯುವವರಿಗೆ ಇದು ಹೊಸದಲ್ಲ. ಹಿಟ್ಟು, ಬಿಸಿನೀರು, ಹಂಚಿನ ಝಳ, ಕೈ ಒಡೆದೇ ಒಡೆಯುತ್ತದೆ. ಜೊತೆಗೆ ಅವಳ ನೆಗೆಣ್ಣಿ ಬಂದಿದ್ದಳು, ಅವಳೂ ರೊಟ್ಟಿ ಮಾರುವವಳೇ. ಒಂದೇ ಮನೆಯ ಇಬ್ಬರು ಸೊಸೆಯಂದಿರು, ಬೇರೆ ಬೇರೆ ಒಲೆ, ಗಿರಾಕಿಗಳಿಗಾಗಿ ಒಳಗೊಳಗೇ ಸ್ಪರ್ಧೆ.

ಮೇಡಂ ಅಂಗೈ ನೋಡಿ ಕೈ ತಿರುವಿದರು. ಬಲಗೈಯ ಹಿಂಭಾಗದಲ್ಲಿ, ಮಣಿಕಟ್ಟಿನವರೆಗೂ, ಒಂದು ಮಾಸಲು ಮಚ್ಚೆ. ಅದರ ನಡುವೆ ಒಂದು ಸುಟ್ಟ ಗುಳ್ಳೆ.

"ಇದ್ಯಾವಾಗ ಸುಟ್ಟಿತವ್ವಾ?"

"ಯಾವಾಗರ ಸುಟ್ಟಿರತೈತ್ರಿ, ದಿನಾ ಸುಡೂದ ಐತಿ. ಗೊತ್ತಾಗಿಲ್ಲ ನೋಡ್ರಿ" ಎಂದು ಕಾಶವ್ವ ನಕ್ಕಳು.

"ಇಕಿ ಕೈ ಅಲ್ರಿ ಅದು, ಕಬ್ಬಿಣ!" ಎಂದಳು ನೆಗೆಣ್ಣಿ.

ಮೇಡಂ ನನ್ನ ಕಡೆ ನೋಡಿದರು. ಹತ್ತಿ ತೆಗೆದು, ಎಳೆಯಷ್ಟು ಸಣ್ಣಗೆ ಹೊಸೆದು ಕೊಟ್ಟೆ. ಈ ಪರೀಕ್ಷೆ ಹೇಗೆಂದರೆ, ಮೊದಲು ರೋಗಿ ಕಣ್ಣು ತೆರೆದಿರುವಾಗಲೇ ಒಳ್ಳೆಯ ಚರ್ಮದ ಮೇಲೆ ಹತ್ತಿ ತಾಗಿಸಿ ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ ಅಲ್ಲಿ ಇಲ್ಲಿ ಮುಟ್ಟಬೇಕು. ತಾಗಿದ ಜಾಗವನ್ನು ರೋಗಿ ಬೆರಳಿಟ್ಟು ತೋರಿಸಬೇಕು.

"ಗೊತ್ತಾತೇನು?" ಎಂದರು ಮೇಡಂ, ಮೊಣಕೈ ಹತ್ತಿರ ಮುಟ್ಟಿ.

"ಹೂನ್ರಿ, ಗೊತ್ತಾತು."

"ಈಗ ಕಣ್ಣ ಮುಚ್ಚು. ಮುಟ್ಟಿದಲ್ಲೆ ಬೊಟ್ಟ ಇಟ್ಟ ತೋರಸು."

ಕಾಶವ್ವ ಕಣ್ಣು ಮುಚ್ಚಿದಳು. ಮೇಡಂ ಮಚ್ಚೆಯ ಮೇಲೆ ಹತ್ತಿ ತಾಗಿಸಿದರು. ಕಾಶವ್ವನ ಎಡಗೈ ತೊಡೆಯ ಮೇಲೇ ಇತ್ತು. ಅಂಚಿನಲ್ಲಿ ಮುಟ್ಟಿದರು. ನಡುವೆ ಮುಟ್ಟಿದರು. ಕಾಶವ್ವ ಶಾಲೆಯ ಹುಡುಗಿಯಂತೆ ನೆಟ್ಟಗೆ ಕುಳಿತು, ಇನ್ನೇನು ಮುಟ್ಟುತ್ತಾರೆ ಎಂದು ಕಾಯುತ್ತಿದ್ದಳು. ಮೇಡಂ ನನ್ನನ್ನು ನೋಡಿದರು, ನಾನು ಮೇಡಂ ಅವರನ್ನು ನೋಡಿದೆ. ನೆಗೆಣ್ಣಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಯಾರೂ ಮಾತನಾಡಲಿಲ್ಲ.

"ಆತು, ಕಣ್ಣ ತಗಿ. ಕೈಗೆ ಮುಲಾಮು ಕೊಡ್ತೀನಿ. ಮುಂದಿನ ವಾರ ಗದಗಿಗೆ ಬಾ, ಒಬ್ಬಾಕಿನ ಬಂದ್ರೂ ನಡೀತೈತಿ" ಎಂದು ಮೇಡಂ ಅಷ್ಟಕ್ಕೇ ನಿಲ್ಲಿಸಿದರು.

ಮುಂದಿನ ಎರಡು ವಾರ ಮೇಡಂ ಊರಲ್ಲಿ ಇರುತ್ತಿರಲಿಲ್ಲ, ಅವರ ತಂಗಿಯ ಮದುವೆ. ಹುಬ್ಬಳ್ಳಿಯಿಂದ ಬದಲಿ ಡಾಕ್ಟರು ಬರುವವರಿದ್ದರು. ಅವರಿಗೆ ಕಾಶವ್ವನ ಗುರುತಿಲ್ಲ, ಕಾಗದದಲ್ಲಿ ಏನಿರುತ್ತದೋ ಅಷ್ಟೇ ಅವರಿಗೆ ಗೊತ್ತಾಗುವುದು.

ಸಂಜೆ ಬಾಗಿಲು ಹಾಕಿ ಓದಲು ಕುಳಿತೆವು. ಆ ನಂಬರು ಬಂತು. ನಾನು ಓದುತ್ತ ಹೋದೆ. ಅಂಗೈ ಒಣಗಿ ಒಡೆದಿದೆ, ಕೆಲಸದಲ್ಲಿ ಆದ ಸುಟ್ಟ ಗುಳ್ಳೆ ಇದೆ, ಸ್ಪರ್ಶಜ್ಞಾನ ಸರಿಯಾಗಿದೆ, ಮುಲಾಮು ಕೊಡಲಾಗಿದೆ. ಇಂಗ್ಲೀಷು ಎಷ್ಟು ನುಣುಪಾಗಿತ್ತೆಂದರೆ ನನ್ನ ನಾಲಗೆ ಎಲ್ಲೂ ತಡವರಿಸಲಿಲ್ಲ. ಮುಂದಿನ ನಂಬರಿಗೆ ಹೋಗುವುದರಲ್ಲಿದ್ದೆ.

ಮೇಡಂ ಕಣ್ಣು ತೆರೆದರು. "ತಡೀರಿ. ಏನಂದ್ರಿ? ಸ್ಪರ್ಶಜ್ಞಾನ?"

"ಸರಿಯಾಗಿದೆ ಅಂತ ಐತ್ರಿ…" ಎಂದವಳೇ ನಾನೂ ಓದು ನಿಲ್ಲಿಸಿದೆ. ಹತ್ತಿ ಹೊಸೆದು ಕೊಟ್ಟವಳು ನಾನು. ತೊಡೆಯ ಮೇಲಿನ ಆ ಎಡಗೈ ಕಣ್ಣ ಮುಂದೆಯೇ ಇತ್ತು.

ಮೇಡಂ ಫೋನಿನಲ್ಲಿ ಅದು ಕೇಳಿಸಿಕೊಂಡ ಮಾತುಗಳನ್ನು ತೆರೆದು ನೋಡಿದರು. "ಗೊತ್ತಾತೇನು?" "ಹೂನ್ರಿ, ಗೊತ್ತಾತು." ಕಣ್ಣು ಮುಚ್ಚು ಎಂದದ್ದು ಇತ್ತು. ಅದರ ಕೆಳಗೆ ಖಾಲಿ. ಆಮೇಲೆ "ಆತು, ಕಣ್ಣ ತಗಿ."

ಮೇಡಂ ಫೋನನ್ನು ನನ್ನ ಕಡೆ ಸರಿಸಿ ಹೇಳಿದರು, "ಅಕ್ಕಾರ, ಇದು ಕೇಳಿದ್ದನ್ನ ಬರದೈತಿ. ರೋಗ ಇದ್ದದ್ದು ಆಕಿ ಸುಮ್ಮನಿದ್ದದ್ದರಾಗ. ನಾವೂ ಸುಮ್ಮನಿದ್ವಿ. ಇದಕ್ಕ ಹ್ಯಾಂಗ ತಿಳೀಬೇಕು?"

ಆ ಸಾಲು ಅಳಿಸಿ ತಮ್ಮ ಕೈಯಾರೆ ಬರೆದರು. ಬಲಗೈ ಹಿಂಭಾಗ, ಮಚ್ಚೆಯ ಅಳತೆ, ಕಣ್ಣು ಮುಚ್ಚಿದಾಗ ಸ್ಪರ್ಶ ತಿಳಿಯಲಿಲ್ಲ, ಸುಟ್ಟದ್ದು ಗೊತ್ತಾಗಿಲ್ಲ, ಕುಷ್ಠದ ಅನುಮಾನ, ಕೂಡಲೇ ಪರೀಕ್ಷೆ ಆಗಬೇಕು. ಆಮೇಲೆ ಸಹಿ ಹಾಕಿದರು. ನಮ್ಮ ಪ್ರೆಸ್ಸಿನ ಮನುಷ್ಯನ ಮಾತು, ಮೇಡಂ ಅವರ ಕಿವಿ, ನನ್ನ ಬಾಯಿ, ಮೂರೂ ಸೇರಿ ಆ ಒಂದು ಸಾಲು ತಿದ್ದಿದವು.

ಕಾಗದ ಸರಿಯಾಯಿತು. ಕಾಶವ್ವ ಬರಲಿಲ್ಲ.

ವಾರವಿಡೀ ಗದಗಿನಲ್ಲಿ ಅವಳ ದಾರಿ ಕಾದೆ. ಫೋನು ಮಾಡಿದರೆ, "ರೊಟ್ಟಿ ಆರ್ಡರ ಭಾಳ ಐತ್ರಿ" ಎಂದು ಇಟ್ಟುಬಿಟ್ಟಳು. ಈ ರೋಗಕ್ಕೆ ಬೇಗ ಔಷಧಿ ಕೊಟ್ಟರೆ ಕೈ ಉಳಿಯುತ್ತದೆ. ತಡವಾದರೆ ಬೆರಳು ಮಡಚಿಕೊಂಡು ಹೋಗುತ್ತವೆ. ಬೆರಳು ಮಡಚಿದ ಕೈ ರೊಟ್ಟಿ ಬಡಿಯುವುದಿಲ್ಲ. ಹಾಗೆಂದು ಆಶಾ ಕಾರ್ಯಕರ್ತೆಯನ್ನೋ ದವಾಖಾನೆಯ ಗಾಡಿಯನ್ನೋ ಅವಳ ಬಾಗಿಲಿಗೆ ಕಳಿಸಿದರೆ ಓಣಿಗೆಲ್ಲ ಗೊತ್ತಾಗಿ, ಕೈ ಉಳಿದರೂ ಗಿರಾಕಿ ಉಳಿಯುವುದಿಲ್ಲ. ಮೇಡಂಗೆ ಫೋನಿನಲ್ಲಿ ಕೇಳಿ, ನಾನೇ ಬುಟ್ಟಿ ಹಿಡಿದು ರೊಟ್ಟಿ ಕೊಳ್ಳುವವಳ ಹಾಗೆ ಮುಂಡರಗಿ ಬಸ್ಸು ಹತ್ತಿದೆ. ರೊಟ್ಟಿಯವರ ಮನೆಗೆ ಹೆಂಗಸರು ಬುಟ್ಟಿ ಹಿಡಿದು ಹೋದರೆ ಯಾರೂ ತಿರುಗಿ ನೋಡುವುದಿಲ್ಲ.

ಕಾಶವ್ವ ಒಲೆಯ ಮುಂದಿದ್ದಳು. ನನ್ನನ್ನು ಕಂಡು ಬಡಿಯುವ ಕೈ ಒಮ್ಮೆ ನಿಂತು, ಮತ್ತೆ ನಡೆಯಿತು.

"ಎಷ್ಟ ರೊಟ್ಟಿ ಬೇಕ್ರಿ ಅಕ್ಕಾರ?"

"ಒಂದ ಡಜನ್. ಬಿಸಿವು. ಕಾಯ್ತೀನಿ" ಎಂದು ಮಣೆ ಎಳೆದುಕೊಂಡು ಕುಳಿತೆ. ನೆಗೆಣ್ಣಿಯ ಒಲೆ ಗೋಡೆಯಾಚೆ, ಅಲ್ಲಿಂದಲೂ ಬಡಿಯುವ ಸಪ್ಪಳ ಬರುತ್ತಿತ್ತು. ಆ ಸಪ್ಪಳದಲ್ಲೇ ಮೆಲ್ಲಗೆ ಕೇಳಿದೆ, "ಗದಗಿಗೆ ಯಾಕ ಬರಲಿಲ್ಲ?"

"ಬರೂದಕ್ಕೇನೈತ್ರಿ. ನನಗ ಗೊತ್ತಾಗೇತಿ."

"ಏನ್ ಗೊತ್ತಾಗೇತಿ? ನಾವು ಏನೂ ಹೇಳಲಿಲ್ಲಲ್ಲ."

"ಅದಕ್ಕ ಗೊತ್ತಾತು. ನಾ ಕಣ್ಣ ಮುಚ್ಚಿದ್ದೆ, ಕಿವಿ ಮುಚ್ಚಿದ್ನೇನ್ರಿ? ಅಲ್ಲೀತನಕಾ ಮಾತಾಡ್ಲಿಕ್ಹತ್ತಿದ್ರಿ. ಒಮ್ಮಿಂದೊಮ್ಮೆ ನೀವಿಬ್ಬರೂ ಸುಮ್ಮನಾದ್ರಿ. ಮುಟ್ಟಾಕಹತ್ಯಾರ, ನನಗ ತಿಳೀವಲ್ದು ಅಂತ ಅವಾಗ ಅಂದ್ಕೊಂಡೆ. ನಮ್ಮೂರಾಗ ಒಬ್ಬಾಕಿ ಇದ್ಲು, ನಮ್ಮವ್ವ ಹೇಳ್ತಿದ್ಲು. ದೊಡ್ಡ ಬ್ಯಾನಿ. ಆಕಿಗೂ ಹಿಂಗ, ಸುಟ್ಟರ ತಿಳೀತಿದ್ದಿಲ್ಲಂತ."

ಫೋನಿಗೆ ಕೇಳಿಸದ್ದು ಇವಳಿಗೆ ಕೇಳಿಸಿತ್ತು.

"ಆಕಿ ಕಾಲ ಬ್ಯಾರೆ, ಕಾಶವ್ವಾ. ಈಗ ಗುಳಿಗಿ ಅದಾವ. ಸರ್ಕಾರಿ ದವಾಖಾನಿಯಾಗ ಪುಗಸಟ್ಟೆ ಕೊಡ್ತಾರ. ತಪ್ಪದ ತಗೊಂಡ್ರ ಹೋಗತೈತಿ. ಊಟದಿಂದ, ರೊಟ್ಟಿಯಿಂದ ಯಾರಿಗೂ ಬರಂಗಿಲ್ಲ."

"ನಿಮಗ ಗೊತ್ತೈತಿ. ಖಾನಾವಳಿ ಸಾಹುಕಾರಗ ಗೊತ್ತೈತೇನ್ರಿ? ಒಂದ ಮಾತು ಹೊರಗ ಬಿತ್ತಂದ್ರ ನನ್ನ ಕೈ ರೊಟ್ಟಿ ಯಾರ ತಿಂತಾರ?" ಗೋಡೆಯ ಕಡೆ ಕಣ್ಣು ಮಾಡಿದಳು. "ಮೊದಲ ಆಕಿನ ತಿನ್ನೂದಿಲ್ಲ."

ಹಂಚಿನ ಮೇಲೆ ಒಂದು ರೊಟ್ಟಿ ಉಬ್ಬುತ್ತಿತ್ತು. ಅದನ್ನು ತೆಗೆಯುತ್ತಿದ್ದ ಹಾಗೆ ಕೈಯೊಡ್ಡಿದೆ. "ನನಗ ಕೊಡು. ಹಸಿವಾಗೇತಿ, ಮುಂಜಾನೆಯಿಂದ ಏನೂ ತಿಂದಿಲ್ಲ." ಅದು ಖರೆಯೂ ಆಗಿತ್ತು. ಅವಳ ಕೈಯಿಂದಲೇ ತೆಗೆದುಕೊಂಡು, ಅಲ್ಲೇ ಇದ್ದ ಕೆಂಪು ಖಾರ ಹಚ್ಚಿ ಪೂರ್ತಿ ತಿಂದೆ. ಕಾಶವ್ವ ಬಡಿಯುವುದು ಬಿಟ್ಟು ನೋಡುತ್ತಿದ್ದಳು.

"ಇನ್ನೊಂದು?" ಎಂದಳು.

"ಕೊಡು."

ಎರಡನೆಯದು ಮುಗಿಯುವಷ್ಟರಲ್ಲಿ, "ಸೋಮವಾರ ಬರ್ತೀನ್ರಿ. ಮಗಳ ಶಾಲಿ ಕೆಲಸ ಐತಿ ಅಂತ ಹೇಳಿ ಬರ್ತೀನಿ. ಒಳಗ ಯಾರೂ ಇರಬಾರ್ದು" ಎಂದಳು.

ಸೋಮವಾರ ಬಂದಳು. ಬದಲಿ ಡಾಕ್ಟರು ಮೇಡಂ ಬರೆದ ಸಾಲು ಓದಿ, ಏನೂ ಕೇಳದೆ ಎದ್ದು ಬಾಗಿಲು ಹಾಕಿದರು. ಪರೀಕ್ಷೆಯಾಯಿತು, ರೋಗ ಅದೇ ಎಂದು ಖಚಿತವಾಯಿತು, ಔಷಧಿ ಶುರುವಾಯಿತು. ಮೊದಲ ಗುಳಿಗೆಯನ್ನು ನನ್ನ ಎದುರಿಗೇ ನುಂಗಿದಳು. "ಮೂತ್ರ ಕೆಂಪಗೆ ಹೋಗತೈತಿ, ಮೈಬಣ್ಣ ಒಂದಿಷ್ಟ ಕಂದತೈತಿ, ಹೆದರಬ್ಯಾಡ" ಎಂದು ಮೊದಲೇ ಹೇಳಿಟ್ಟೆ. ಇದನ್ನು ಮೊದಲೇ ಹೇಳದ್ದರಿಂದ ಎಷ್ಟೋ ಜನ ನಡುವೆ ಔಷಧಿ ಬಿಟ್ಟಿದ್ದಾರೆ.

ಮೇಡಂ ಮದುವೆ ಮುಗಿಸಿ ಬಂದ ದಿನವೇ ಇಬ್ಬರೂ ಕುಳಿತು ಕೆಲಸದ ರೀತಿ ಬದಲಿಸಿದೆವು. ಮಷೀನಿಗೆ ಕಣ್ಣಿಲ್ಲ, ಕಿವಿ ಮಾತ್ರ ಇದೆ. ಅದಕ್ಕೇ ಮೇಡಂ ಬೆರಳು ಮಾಡಿದ್ದನ್ನೆಲ್ಲ ನಾನು ಬಾಯಲ್ಲಿ ಹೇಳಬೇಕು. "ಬಲಗೈ ಹಿಂಭಾಗ. ಅಂಚು ಸ್ಪಷ್ಟ ಇಲ್ಲ. ಕಣ್ಣು ಮುಚ್ಚಿದಾರ. ಮುಟ್ಟಿದ್ವಿ. ಬೊಟ್ಟ ಇಡಲಿಲ್ಲ." ಉತ್ತರ ಬರದಿದ್ದರೆ ಉತ್ತರ ಬರಲಿಲ್ಲ ಎಂದೂ ಹೇಳಬೇಕು. ರೋಗದ ಹೆಸರು ಮಾತ್ರ ಹೇಳುವುದಿಲ್ಲ, ಅದನ್ನು ಮೇಡಂ ಆಮೇಲೆ ಕೈಯಿಂದ ಸೇರಿಸುತ್ತಾರೆ. ಹೀಗೆ ಹಿರಿಯ ಡಾಕ್ಟರ ಕಟ್ಟಳೆಯೂ ಉಳಿಯಿತು. ಆದರೆ ಗಟ್ಟಿಯಾಗಿ ಹೇಳಿದ್ದೆಲ್ಲ ಪರದೆಯಾಚೆ ಕೇಳುತ್ತದಲ್ಲ? ಮುಂಡರಗಿಯ ಕೋಣೆಯ ಬೆಂಚುಗಳನ್ನು ಹೊರಗೆ ಬೇವಿನ ಗಿಡದ ಕೆಳಗೆ ಹಾಕಿಸಿದೆ. ಮನೆ ಮಾಲೀಕರು, "ನನ್ನ ಅಂಗಳಾ ಬಸ್ ಸ್ಟ್ಯಾಂಡ್ ಮಾಡಿದ್ರೆಲ್ರೀ" ಎಂದು ಕೂಗಾಡಿದರು. ಅವರ ಬೆನ್ನಿನ ಹುರುಕಿಗೆ ಮೇಡಂ ಪುಕ್ಕಟೆ ಔಷಧಿ ಕೊಟ್ಟ ಮೇಲೆ ಸುಮ್ಮನಾದರು.

ಅಷ್ಟು ವರ್ಷ ಬರೆಯುವವಳಾಗಿದ್ದವಳು ಕೊನೆಯ ವರ್ಷಗಳಲ್ಲಿ ಹೇಳುವವಳಾದೆ. ಮೊದಮೊದಲು ನನ್ನ ದನಿ ನನಗೇ ನಾಚಿಕೆ ತರುತ್ತಿತ್ತು. ಆಮೇಲೆ ರೋಗಿಗಳೇ, "ಅಕ್ಕಾರು ಹೇಳಿದ್ರ ನಮ್ಮ ಮೈಮ್ಯಾಲೆ ಏನೈತಿ ಅಂತ ನಮಗೂ ತಿಳೀತೈತಿ" ಎನ್ನತೊಡಗಿದರು. ಇಷ್ಟು ದಿನ ಬೆನ್ನ ಮೇಲಿನ ಮಚ್ಚೆಯನ್ನು ಡಾಕ್ಟರು ನೋಡುತ್ತಿದ್ದರು, ನಾನು ಬರೆಯುತ್ತಿದ್ದೆ, ಮಚ್ಚೆಯ ಒಡೆಯನಿಗೇ ಅದರ ಖಬರು ಇರುತ್ತಿರಲಿಲ್ಲ. ಈ ಲಾಭವನ್ನು ನಾವು ಯೋಚಿಸಿಯೇ ಇರಲಿಲ್ಲ.

ಸವಿತಾ, ನೀನು ಏನು ಮಾಡಲಿಕ್ಕೆ ಅಲ್ಲಿ ಕುಳಿತಿದ್ದೀ ಎಂದು ಕೇಳಿದೆಯಲ್ಲ, ಇದಕ್ಕಾಗಿ. ಹತ್ತಿ ಹೊಸೆಯುವುದಕ್ಕೆ, ಯಾರ ಮಾತು ಯಾರದು ಎಂದು ಹೇಳುವುದಕ್ಕೆ, ಸುಮ್ಮನಿದ್ದದ್ದನ್ನು ಬಾಯಿಬಿಟ್ಟು ಹೇಳುವುದಕ್ಕೆ, ಸಂಜೆ ಓದುವುದಕ್ಕೆ. ಎಷ್ಟು ನುಣುಪಾದ ಸಾಲು ಬಂದರೂ ಓದುವಾಗ ರೋಗಿಯ ಕೈಯನ್ನು ಕಣ್ಣ ಮುಂದೆ ಇಟ್ಟುಕೋ.

ಕಾಶವ್ವನ ಔಷಧಿ ಮುಗಿದು ಬಹಳ ದಿನಗಳಾದವು. ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ. ಓಣಿಗೆ ಇವತ್ತಿಗೂ ಗೊತ್ತಿಲ್ಲ, ಒಲೆ ಒಂದು ದಿನವೂ ಆರಲಿಲ್ಲ. ಬೆರಳು ನೆಟ್ಟಗಿವೆ. ಮಚ್ಚೆಯ ಜಾಗದಲ್ಲಿ ಸ್ಪರ್ಶ ಬರಬಹುದು, ಬಾರದೆಯೂ ಇರಬಹುದು ಎಂದು ಮೇಡಂ ಮೊದಲೇ ಹೇಳಿದ್ದರು. ಅದಕ್ಕೇ ಆ ಜಾಗಕ್ಕೆ ಅರಿವೆ ಸುತ್ತಿಕೊಂಡು ರೊಟ್ಟಿ ಬಡಿಯುವುದನ್ನು ಕಲಿಸಿಕೊಟ್ಟಿದ್ದೆ.

ಇವತ್ತು ನಾನು ಹೋದಾಗ ಅರಿವೆ ಇರಲಿಲ್ಲ, ಒಗೆದು ಹಾಕಿದ್ದು ಒಣಗಿರಲಿಲ್ಲವಂತೆ. ಬೈಯಬೇಕೆಂದಿದ್ದೆ. ಅಷ್ಟರಲ್ಲಿ ರೊಟ್ಟಿ ತಿರುವುವಾಗ ಮಣಿಕಟ್ಟು ಹಂಚಿನ ಅಂಚಿಗೆ ತಾಗಿತು.

"ಹಾಯ್ ಯವ್ವಾ!" ಎಂದು ಕಾಶವ್ವ ಕೈ ಕಿತ್ತುಕೊಂಡಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಕೈ ತಿರುವಿ, ಹಳೆಯ ಮಚ್ಚೆಯ ಅಂಚನ್ನು ಇನ್ನೊಂದು ಕೈಯ ಬೆರಳಿನಿಂದ ಮುಟ್ಟಿ ನೋಡಿಕೊಂಡಳು. "ಸುಟ್ಟತ್ರೀ ಅಕ್ಕಾರ! ಉರಿಯಾಕಹತ್ತೈತಿ!" ಎಂದು ನಗತೊಡಗಿದಳು. ಗೋಡೆಯಾಚೆಯಿಂದ ನೆಗೆಣ್ಣಿ, "ಕೈ ಸುಟಗೊಂಡು ಯಾಕ ನಗತಿಯಲೇ, ಹುಚ್ಚೀ!" ಎಂದು ಕೂಗಿದಳು. ನಾನು ತಣ್ಣೀರು ಸುರುವುತ್ತ, ಬರೆದುಕೊಳ್ಳುವ ಫೋನು ಇಲ್ಲದಿದ್ದರೂ ರೂಢಿಯಂತೆ, ಗೋಡೆಯಾಚೆ ಕೇಳದಷ್ಟು ಮೆಲ್ಲಗೆ ಬಾಯಿಬಿಟ್ಟು ಹೇಳಿದೆ, "ಬಲ ಮಣಿಕಟ್ಟು, ಮಚ್ಚೆಯ ಅಂಚು. ಬಿಸಿ ತಿಳೀತು."

ಮನೆಗೆ ಬಂದು ಎಣ್ಣೆಗಾಯಿ ಮಾಡಿದೆ. ಕಾಶವ್ವನ ರೊಟ್ಟಿ, ಬದನೆಕಾಯಿ, ಬೆಳಿಗ್ಗೆ ಕುಟ್ಟಿದ ಶೇಂಗಾ ಚಟ್ನಿ, ಮೇಲೆ ಮೊಸರು. ಯಜಮಾನರು ಬಿಗಿಯಾದ ಕನ್ನಡಕ ಹಾಕಿಕೊಂಡು ಇಷ್ಟನ್ನೂ ನನ್ನ ಬಾಯಿಂದ ಓದಿಸಿ ಕೇಳಿದರು. ಎರಡು ಕಡೆ ತಿದ್ದಿದರು. ಕಾಶವ್ವ ಕೈ ಕಿತ್ತುಕೊಂಡ ಜಾಗ ಬಂದಾಗ ತಲೆಯೆತ್ತಿ ನೋಡಿದೆ. ಗೋಡೆಗೊರಗಿ, ಕನ್ನಡಕ ಹಾಕಿಕೊಂಡೇ, ಅವರು ನಿದ್ದೆ ಹೋಗಿದ್ದರು.